ಎಡಗಡೆ ಹಿಂದಿನ ಚಕ್ರ ಮತ್ತು ನನ್ನ ಏಳರ ಸಾಲು

ಫೆಬ್ರವರಿ ಎಂಟು, ಎರಡನೇ ಶನಿವಾರ, ಬೆಳಿಗ್ಗೆ ಆರು ಇಪ್ಪತ್ತು. ಮನೆಯ ಮುಂದಿನ ಇಳಿಜಾರಿನಲ್ಲಿ ಕಾರನ್ನು ಹಿಂದಕ್ಕೆ ಇಳಿಸುವಾಗ ಎಡಗಡೆ ಹಿಂದಿನ ಚಕ್ರದಿಂದ ಸಣ್ಣ ಕೀರಲು ಸದ್ದು. ನನ್ನ ಪುಸ್ತಕದಲ್ಲಿ ಹೀಗೆಂದು ಬರೆದಿದೆ. ಆದರೆ ಆ ಸದ್ದನ್ನು ಮೊದಲು ಕೇಳಿದವಳು ನಾನಲ್ಲ, ನನ್ನ ತಂಗಿ. ಅದನ್ನು ಪುಸ್ತಕದಲ್ಲಿ ಬರೆದಿಲ್ಲ.

ಅವಳು ಮಹಡಿಯ ಕಂಬಿಗೆ ಒರಗಿ ಹಲ್ಲುಜ್ಜುತ್ತಿದ್ದಳು. "ಅಕ್ಕಾ, ನಿಲ್ಸೇ. ಹಿಂದ್ಗಡೆ ಕುಯ್ ಅಂತೈತೆ. ಎಡಗಡೆ" ಎಂದಳು. ಬಾಯಿ ತುಂಬ ನೊರೆ ಇಟ್ಟುಕೊಂಡೂ ಎಡ ಬಲ ಹೇಳಬಲ್ಲವಳು ಅವಳು. ನಾನು ಕಾರಿನೊಳಗೇ ಕುಳಿತಿದ್ದೆ, ನನಗೂ ಆ ಚಕ್ರಕ್ಕೂ ಮಧ್ಯೆ ನಾಲ್ಕೈದು ಅಡಿ. ನನಗೆ ಏನೂ ಕೇಳಿರಲಿಲ್ಲ. ಗಾಜು ಇಳಿಸಿ, ಮುಂದಕ್ಕೆ ಹತ್ತಿಸಿ, ಮತ್ತೆ ಹಿಂದಕ್ಕೆ ಬಂದಾಗ ಕೇಳಿತು. ಆಮೇಲೆ ಗಡಿಯಾರ ನೋಡಿದೆ. ಆರು ಇಪ್ಪತ್ತು ಅವಳು ಕೇಳಿದ ಹೊತ್ತಲ್ಲ, ನಾನು ಕೇಳಿದ ಹೊತ್ತು.

ಅಪ್ಪ ಕಾಫಿ ಲೋಟ ಹಿಡಿದು ಹೊರಗೆ ಬಂದರು. ಅವರಿಗೆ ಆ ಸದ್ದು ಕೇಳುವ ಪ್ರಶ್ನೆಯೇ ಇರಲಿಲ್ಲ. ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ತಗಡು ಬಡಿಯುವ ಪ್ರೆಸ್ ಶಾಪಿನಲ್ಲಿ ಮೂವತ್ತು ವರ್ಷದ ಮೇಲೆ ದುಡಿದವರ ಕಿವಿ ಅದು. ದಪ್ಪ ಸದ್ದು ಕೇಳುತ್ತದೆ, ತೆಳು ಸದ್ದು ಕೇಳುವುದಿಲ್ಲ. ಲಾರಿ ಬಂದರೆ ಗೊತ್ತಾಗುತ್ತದೆ, ಕುಕ್ಕರ್ ಕೂಗಿದರೆ ಗೊತ್ತಾಗುವುದಿಲ್ಲ. ಅವರು ಸ್ಟೀರಿಂಗ್ ಹಿಡಿದಿದ್ದ ನನ್ನನ್ನು ದಾಟಿ, ಮಹಡಿಯ ಕಡೆ ತಲೆ ಎತ್ತಿ ಕೇಳಿದರು:

"ಏನ್ ಕೇಳ್ತಾ ಐತವ್ವಾ?"

"ತಗಡು ಉಜ್ಜಿದಂಗೆ ಅಪ್ಪ. ಬ್ರೇಕ್ ಒತ್ತಿದಾಗ ಜೋರು. ಬಿಟ್ಟಾಗ್ಲೂ ಸ್ವಲ್ಪ ಐತೆ."

"ಬಿಟ್ಟಾಗ್ಲೂ ಐತಾ?"

"ಐತೆ."

ಅಪ್ಪನ ಮುಖ ಗಂಭೀರವಾಯಿತು. ಕಾರಣ, ನಮ್ಮ ಕಾರಿಗೆ ಹದಿನೈದು ವರ್ಷ ತುಂಬಿತ್ತು. ನೋಂದಣಿ ಮುಂದುವರಿಯಬೇಕಾದರೆ ಆರ್‌ಟಿಓ ಮೈದಾನಕ್ಕೆ ತೆಗೆದುಕೊಂಡು ಹೋಗಿ ಇನ್ಸ್‌ಪೆಕ್ಟರ್ ಮುಂದೆ ನಿಲ್ಲಿಸಬೇಕು. ನಮಗೆ ಸಿಕ್ಕಿದ್ದ ದಿನ ಫೆಬ್ರವರಿ ಇಪ್ಪತ್ತು, ಗುರುವಾರ. ಪಾಸಾದರೆ ಇನ್ನೈದು ವರ್ಷ. ದಿನಾ ಸೋಲದೇವನಹಳ್ಳಿಯಿಂದ ಪೀಣ್ಯದವರೆಗೆ ಅದನ್ನು ಓಡಿಸುವವಳು ನಾನಾದ್ದರಿಂದ ಕಾರು ನನ್ನ ಹೆಸರಿಗೆ ಆಗುವುದೆಂದು ಮಾತಾಗಿತ್ತು. ಫೇಲಾದರೆ ಏನೆಂಬುದನ್ನೂ ಅಪ್ಪ ಹೇಳಿಬಿಟ್ಟಿದ್ದರು. "ಫೇಲಾದ ಗಾಡೀನ ಇನ್ನೊಂದ್ ಸಲ ತಗೊಂಡೋಗಿ ನಿಲ್ಲಲ್ಲ ನಾನು. ಗುಜರಿಗೆ ಓಗ್ಲಿ." ಕಾರ್ಖಾನೆಯಲ್ಲಿ ಅಪ್ಪನ ಕೆಲಸ ತಪಾಸಣೆ. ಅಳತೆಗೆ ಬಾರದ ಮಾಲನ್ನು ಕೆಂಪು ಡಬ್ಬಿಗೆ ಹಾಕುವುದು. ತಮ್ಮದೇ ವಸ್ತು ಇನ್ನೊಬ್ಬರ ಕೆಂಪು ಡಬ್ಬಿಗೆ ಬೀಳುವುದನ್ನು ಎರಡು ಸಲ ನೋಡಲು ಅವರು ತಯಾರಿರಲಿಲ್ಲ.

ಹನ್ನೆರಡು ದಿನ ಇತ್ತು. ನನ್ನ ಪುಸ್ತಕದಲ್ಲಿ ಹೊಸ ಪುಟಕ್ಕೆ ಗೆರೆ ಎಳೆದೆ.

ನನ್ನ ಪುಸ್ತಕದ ಬಗ್ಗೆ ಹೇಳಬೇಕು. ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ನನಗೆ ಕೆಲಸ. ಎಣಿಸುವುದು, ಬರೆಯುವುದು. ಅದಕ್ಕೂ ಮೊದಲೇ ಈ ಚಟ ಇತ್ತು. ಕಾರು ಕಲಿತ ದಿನದಿಂದ ನೀಲಿ ರಟ್ಟಿನ ಪುಸ್ತಕದಲ್ಲಿ ಓಡಿದ ಕಿಲೋಮೀಟರ್, ಹಾಕಿದ ಪೆಟ್ರೋಲ್, ಟೈರಿನ ಗಾಳಿ, ಮತ್ತು ಕೊನೆಯ ಕಾಲಂನಲ್ಲಿ ಹ್ಯಾಂಡ್ ಬ್ರೇಕ್ ಎಷ್ಟು ಕಟಕ್ ಎಂದಿತು ಎಂಬುದನ್ನು ಬರೆಯುತ್ತೇನೆ. ಆ ಕೊನೆಯ ಕಾಲಂ ಅಪ್ಪನದು. "ಏಳು ಕಟಕ್‌ಗೆ ಗಾಡಿ ನಿಲ್ಬೇಕು. ಎಂಟು ಒಂಬತ್ತು ಆಯ್ತಾ ಇದ್ರೆ ಒಳಗೆ ಏನೋ ಸವೀತೈತೆ ಅಂತ ಲೆಕ್ಕ" ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದರು. ಕಟಕ್ ಸದ್ದು ಅವರಿಗೆ ಕೇಳದಿದ್ದರೂ ಅಂಗೈಗೆ ತಿಳಿಯುತ್ತಿತ್ತು. ನಮ್ಮ ಮನೆ ರಸ್ತೆಗಿಂತ ಎತ್ತರದಲ್ಲಿದೆ, ಕಾರು ನಿಲ್ಲುವುದು ಇಳಿಜಾರಿನ ಮೇಲೆ. ಹ್ಯಾಂಡ್ ಬ್ರೇಕ್ ಹಿಡಿಯದಿದ್ದರೆ ಅದು ನೇರ ಎದುರುಮನೆಯ ಕಾಂಪೌಂಡಿಗೆ.

ತಿಂಗಳ ಮೊದಲ ಭಾನುವಾರ ಅಪ್ಪ ಪುಸ್ತಕ ತರಿಸಿಕೊಂಡು, ಕನ್ನಡಕ ಹಾಕಿ, ಕಾಲಂ ಕಾಲಂ ನೋಡಿ, ಕೆಳಗೆ ಸಹಿ ಹಾಕುತ್ತಿದ್ದರು. ಕಾರ್ಖಾನೆಯಲ್ಲಿ ಮಾಲು ಅಳೆಯುವ ಗೇಜಿನ ಪುಸ್ತಕಕ್ಕೆ ಹಾಕುತ್ತಿದ್ದ ಅದೇ ಮೂರು ಗೀಟಿನ ಸಹಿ. ಬೇರೆ ಮನೆಗಳಲ್ಲಿ ಅಪ್ಪಂದಿರು ಮಕ್ಕಳ ತಲೆ ಸವರುತ್ತಾರೇನೋ. ನಮ್ಮ ಮನೆಯಲ್ಲಿ ಇದು. ಏಳು, ಏಳು, ಏಳು ಎಂದು ಒಂದೇ ಸಾಲಿನಲ್ಲಿ ಇಳಿದ ಕಾಲಂ ಕಂಡರೆ "ಗೆರೆ ಎಳ್ದಂಗೈತೆ" ಎನ್ನುತ್ತಿದ್ದರು. ಫೆಬ್ರವರಿ ಎರಡರಂದೂ ಹಾಗೇ ಅಂದಿದ್ದರು.

ತಂಗಿಗೆ ಪುಸ್ತಕವಿಲ್ಲ. ಅವಳು ಬಿ.ಕಾಂ. ಎರಡನೇ ವರ್ಷ, ನೋಟ್ಸನ್ನೂ ಪಕ್ಕದವಳಿಂದ ಫೋಟೋ ತೆಗೆದುಕೊಳ್ಳುವವಳು. ಆದರೆ ಅವಳಿಗೆ ಕಿವಿ ಇದೆ. ಆರು ವರ್ಷದವಳಿದ್ದಾಗ ಮೋಟರ್ ಪಂಪು ನೀರಿಲ್ಲದೆ ಓಡುತ್ತಿದೆ ಎಂದು ಸದ್ದಿನಲ್ಲೇ ಹೇಳಿದ್ದಳಂತೆ. ಅಂದಿನಿಂದ ಅಪ್ಪನಿಗೆ ಫ್ಯಾನ್, ಮಿಕ್ಸಿ, ಕಾರು ಏನೇ ಇರಲಿ ಮೊದಲು ಅವಳು ಬೇಕು. "ನನ್ ಕಿವಿ ಎಲ್ಲೋಯ್ತು?" ಎಂದು ಕರೆಯುತ್ತಾರೆ. ಅವಳು ಬರುತ್ತಾಳೆ, ತಲೆ ಓರೆ ಮಾಡುತ್ತಾಳೆ, ಒಂದು ಮಾತು ಹೇಳುತ್ತಾಳೆ, ಹೋಗುತ್ತಾಳೆ. ನಾನು ಒಂದು ತಿಂಗಳು ಬರೆದು ಪಡೆಯುವುದನ್ನು ಅವಳು ಅರ್ಧ ನಿಮಿಷದಲ್ಲಿ ಪಡೆಯುತ್ತಾಳೆ.

ಇದಕ್ಕೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಬೇರೆ ಹೆಸರು ಹುಡುಕಿದ್ದೇನೆ, ಸಿಕ್ಕಿಲ್ಲ. ಫೆಬ್ರವರಿ ಎಂಟರಿಂದ ಹದಿನಾಲ್ಕರವರೆಗೆ ಕಾರಿನ ವಿಷಯಕ್ಕೆ ಅಪ್ಪ ಅವಳನ್ನು ಕರೆದದ್ದು ಹದಿನಾಲ್ಕು ಸಲ, ನನ್ನನ್ನು ಐದು ಸಲ. ಆ ಐದರಲ್ಲಿ ಎರಡು ಟಾರ್ಚ್ ಹಿಡಿಯುವುದಕ್ಕೆ. ಈ ಲೆಕ್ಕವನ್ನು ಪುಸ್ತಕದ ಒಳರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಹಾಕಿದ್ದೆ.

ಭಾನುವಾರ, ಒಂಬತ್ತು. ಇಳಿಜಾರಿನ ಕೆಳಗೆ ರಸ್ತೆಯ ಸಮತಟ್ಟಾದ ಜಾಗಕ್ಕೆ ಕಾರು ತಂದು, ಮುಂದಿನ ಚಕ್ರಗಳಿಗೆ ಇಟ್ಟಿಗೆ ಕೊಟ್ಟು, ಹಿಂದೆ ಜಾಕ್ ಹಾಕಿ ಎತ್ತಿದೆವು. ಹ್ಯಾಂಡ್ ಬ್ರೇಕ್ ಪೂರ್ತಿ ಬಿಟ್ಟು, ಒಂದೊಂದು ಚಕ್ರವನ್ನೂ ಒಂದೇ ಬಲದಲ್ಲಿ ಕೈಯಿಂದ ತಿರುಗಿಸಿ ಬಿಡುವುದು, ಎಷ್ಟು ಸುತ್ತು ಹೊಡೆಯುತ್ತದೆಂದು ಎಣಿಸುವುದು. ಈ ಉಪಾಯ ನನ್ನದು. ಐದೈದು ಸಲ ಮಾಡಿದೆ. ಬಲಗಡೆ ಸರಾಸರಿ ಮೂರೂಕಾಲು ಸುತ್ತು. ಎಡಗಡೆ ಅರ್ಧ.

"ಇದು ಲೆಕ್ಕ" ಎಂದರು ಅಪ್ಪ. ಪುಸ್ತಕವನ್ನು ಕೈಗೆ ತೆಗೆದುಕೊಂಡು ಎರಡು ಸಲ ನೋಡಿದರು. ನಾನು ಇನ್ನೂ ಕುಕ್ಕರುಗಾಲಿನಲ್ಲೇ ಕುಳಿತಿದ್ದೆ, ಏಳಲು ಮನಸ್ಸಿರಲಿಲ್ಲ, ಅಷ್ಟು ಹಿತವಾಗಿತ್ತು.

ಆಗ ತಂಗಿ ಬಂದು ಎಡ ಚಕ್ರದ ಮೇಲೆ ಅಂಗೈ ಇಟ್ಟು ಮೆಲ್ಲಗೆ ತಿರುಗಿಸಿದಳು. ಕಿವಿಯನ್ನು ಟೈರಿಗೆ ಹತ್ತಿರ ತಂದಳು. "ಒಂದು ಸುತ್ತಿನಲ್ಲಿ ಒಂದೇ ಜಾಗದಲ್ಲಿ ಉಜ್ತಿಲ್ಲಪ್ಪ. ಸುತ್ತಾನೂ ಉಜ್ತಾ ಐತೆ. ಒಂದೇ ಸಮ."

"ಅಂಗಾದ್ರೆ ಡ್ರಮ್ ಸೊಟ್ಟ ಆಗಿಲ್ಲ" ಎಂದರು ಅಪ್ಪ. ಹಿಂದಿನ ಚಕ್ರದೊಳಗೆ ಬಾಣಲೆಯಂಥ ಒಂದು ಡ್ರಮ್ ಇರುತ್ತದೆ. ಅದರೊಳಗೆ ಅರ್ಧಚಂದ್ರದಂಥ ಎರಡು ಬ್ರೇಕ್ ಶೂಗಳು. ಒತ್ತಿದರೆ ಅಗಲಿ ಡ್ರಮ್ಮಿಗೆ ತಾಗಬೇಕು, ಬಿಟ್ಟರೆ ಸ್ಪ್ರಿಂಗ್ ಎಳೆದು ಒಳಕ್ಕೆ ಬರಬೇಕು. ಡ್ರಮ್ ಸೊಟ್ಟಗಾದರೆ ಪ್ರತಿ ಸುತ್ತಿನಲ್ಲಿ ಒಮ್ಮೆ ಮಾತ್ರ ತಾಗುತ್ತದೆ. ಸುತ್ತಲೂ ತಾಗುತ್ತಿದೆಯೆಂದರೆ ಶೂಗಳು ಹಿಂದಕ್ಕೇ ಬರುತ್ತಿಲ್ಲ. ಅಪ್ಪ ಇಷ್ಟನ್ನೂ ಅವಳಿಗೆ ವಿವರಿಸಿದರು. ನನ್ನ ಪುಸ್ತಕ ಅವರ ಕಂಕುಳಲ್ಲಿತ್ತು, ಮಡಚಿಕೊಂಡು.

ಅಮ್ಮ ಒಳಗಿನಿಂದ ಕೂಗಿದರು. "ಅದಕ್ಕೊಂದು ದೃಷ್ಟಿ ತೆಗೀರಿ, ಎಲ್ರೂ ಸೇರಿ ಅಂಗೇ ನೋಡ್ತಾ ಇದ್ರೆ ಇರೋ ಬ್ರೇಕೂ ಓಯ್ತದೆ."

ಮುಂದೆ ನಾನು ಮಾಡಿದ್ದು ಪೂರ್ತಿ ಹೊಟ್ಟೆಕಿಚ್ಚಿನ ಕೆಲಸ. ಸೋಮವಾರ ಮತ್ತು ಮಂಗಳವಾರ ಊಟದ ಬಿಡುವಿನಲ್ಲಿ ಕೂತು ಓದಿದೆ. ಶೂಗಳು ಹಿಂದಕ್ಕೆ ಬರದಿರಲು ಕಾರಣಗಳನ್ನು ಪಟ್ಟಿ ಮಾಡಿದೆ. ಬ್ರೇಕ್ ಆಯಿಲ್‌ನ ಒತ್ತಡದಿಂದ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಎಂಬ ಚಿಕ್ಕ ಭಾಗ ಹಿಡಿದುಕೊಂಡಿರಬಹುದು, ಸ್ಪ್ರಿಂಗ್ ಸೊರಗಿರಬಹುದು, ಹ್ಯಾಂಡ್ ಬ್ರೇಕಿನ ಕೇಬಲ್ ಎಳೆದುಕೊಂಡೇ ಇರಬಹುದು. ಮೂರನೆಯದನ್ನು ಬರೆದು, ಸ್ವಲ್ಪ ಹೊತ್ತು ನೋಡಿ, ಹೊಡೆದುಹಾಕಿದೆ. ಯಾಕೆ ಹೊಡೆದುಹಾಕಿದೆ ಎಂಬುದು ನನಗೆ ಆಗಲೇ ಗೊತ್ತಿತ್ತು.

ಬುಧವಾರ ಅರ್ಧ ದಿನ ರಜೆ ಹಾಕಿ, ಅಪ್ಪನನ್ನು ಕೂರಿಸಿಕೊಂಡು, ಟಿ. ದಾಸರಹಳ್ಳಿಯ ನಮ್ಮ ಮೆಕ್ಯಾನಿಕ್ಕಿನ ಗ್ಯಾರೇಜಿಗೆ ಕಾರು ಒಯ್ದೆ. ಅಪ್ಪನಿಗೆ ಇಪ್ಪತ್ತು ವರ್ಷದ ಪರಿಚಯದವರು. ದಾರಿಯಲ್ಲಿ ಆದಷ್ಟು ಕಡಿಮೆ ಬ್ರೇಕ್ ಒತ್ತಿದ್ದೆ. ಇಳಿದ ತಕ್ಷಣ ಅಪ್ಪ ಬಾಟಲಿಯ ನೀರಿನಲ್ಲಿ ಬೆರಳು ಅದ್ದಿ, ಚಕ್ರದ ಕಿಂಡಿಯೊಳಗೆ ಡ್ರಮ್ಮಿಗೆ ಚಿಮುಕಿಸಿದರು, ದೋಸೆ ಕಾವಲಿ ಕಾದಿದೆಯೇ ಎಂದು ಅಮ್ಮ ನೋಡುವ ಹಾಗೆ. ಬಲಗಡೆ ನೀರು ಹಾಗೇ ಇಳಿಯಿತು. ಎಡಗಡೆ ಚುರ್ರೆಂದು ಆವಿಯಾಯಿತು. ಡ್ರಮ್ ಬಿಚ್ಚಿದಾಗ ಶೂಗಳ ಮೈ ಕಾದು ಕಾದು ಸ್ಲೇಟಿನಂತೆ ಹೊಳೆಯುತ್ತಿತ್ತು.

"ಈ ಹೊಳಪು ಇದ್ರೆ ಹಿಡಿಯಲ್ಲ ಅಣ್ಣ. ಇನ್ಸ್‌ಪೆಕ್ಟರ್ ಒಂದ್ ಸಲ ಜೋರಾಗಿ ಹೊಡೆಸಿದ್ರೆ ಸಾಕು, ಗಾಡಿ ಒಂದ್ ಕಡೆ ಎಳೀತದೆ" ಎಂದರು ಮೆಕ್ಯಾನಿಕ್.

"ಸಿಲಿಂಡರ್ ಹಿಡ್ಕೊಂಡಿರುತ್ತೆ" ಎಂದೆ ನಾನು.

ಅವರು ಸಿಲಿಂಡರನ್ನು ಬೆರಳಲ್ಲಿ ಒತ್ತಿ ನೋಡಿದರು. "ಆಯಿಲ್ ಲೀಕ್ ಇಲ್ಲ. ಸ್ವಲ್ಪ ಬಿಗಿ ಐತೆ. ಇದ್ರೂ ಇರ್ಬೋದು ಮೇಡಂ."

"ಅದೇ. ನಾನು ಎಲ್ಲ ನೋಡಿದ್ದೀನಿ" ಎಂದು ಪಟ್ಟಿ ತೋರಿಸಿದೆ. ಅಪ್ಪ ಪಟ್ಟಿ ನೋಡಿದರು. ಹೊಡೆದುಹಾಕಿದ ಸಾಲಿನ ಮೇಲೆ ಅವರ ಬೆರಳು ಒಂದು ಕ್ಷಣ ನಿಂತಿತು ಎಂದು ನನಗೆ ಅನಿಸಿತು. ಆದರೆ "ಸರಿ, ಇವ್ಳು ಓದವ್ಳೆ. ಹಾಕ್ಬಿಡಿ" ಎಂದರು. ಸಿಲಿಂಡರ್ ಬಂದದ್ದು ಶನಿವಾರ, ಹದಿನೈದು. ಶೂಗಳ ಮೈ ಉಜ್ಜಿ, ಸಿಲಿಂಡರ್ ಹಾಕಿ, ಬ್ರೇಕ್ ಆಯಿಲ್‌ನಲ್ಲಿ ಸೇರಿದ್ದ ಗಾಳಿ ತೆಗೆದು ಕೊಟ್ಟರು. ಮನೆಗೆ ಬಂದ ಮೇಲೆ ತಂಗಿಗೆ ನಾನೇ ಹೋಗಿ ಹೇಳಿದೆ, ಸಿಲಿಂಡರ್ ಆಗಿತ್ತು ಎಂದು.

"ಹೌದಾ? ನಂಗೇನೋ ಅದು ಕಬ್ಬಿಣ ಎಳ್ದಂಗೆ ಅನ್ನಿಸ್ತಿತ್ತು" ಎಂದಳು, ಫೋನಿನಿಂದ ತಲೆ ಎತ್ತದೆ.

"ನಿಂಗೆ ಅನ್ಸೋದೆಲ್ಲ ಕಾರಿಗೆ ಆಗಲ್ಲ ಕಣೇ."

"ಸರಿ ಬಿಡೇ ಇಂಜಿನಿಯರಮ್ಮ."

ಭಾನುವಾರ, ಹದಿನಾರು. ಮತ್ತೆ ಜಾಕ್. ಎಡ ಚಕ್ರ ಮುಕ್ಕಾಲು ಸುತ್ತು. ಅಷ್ಟೇ. ಆ ಮುಕ್ಕಾಲನ್ನು ಬರೆಯುವಾಗ ಪೆನ್ನು ಒತ್ತಿ ಹಾಳೆ ಸ್ವಲ್ಪ ಹರಿದಿದೆ.

ಅಪ್ಪ ಮಹಡಿಯ ಕಡೆ ತಿರುಗಿದರು. "ನನ್ ಕಿವಿ ಎಲ್ಲೋಯ್ತು?" ಎಂದರು. ತಂಗಿ ಬಂದು ಹಿಂದೆ ಚಾಪೆ ಹಾಸಿಕೊಂಡು ಮಲಗಿದಳು. ನಾನು ಒಳಗೆ ಕೂತು ಅವಳು ಹೇಳಿದ ಹಾಗೆ ಹ್ಯಾಂಡ್ ಬ್ರೇಕ್ ಎಳೆದೆ, ಬಿಟ್ಟೆ. ಎಳೆದೆ, ಬಿಟ್ಟೆ. ಅವಳಿಗೆ ನಾನು ಹ್ಯಾಂಡ್ ಬ್ರೇಕ್ ಎಳೆದುಕೊಡುವವಳು.

"ಬಿಟ್ಟಾಗ ಬಲಗಡೆ ಒಳಗೆ ಟಕ್ ಅಂತು. ಎಡಗಡೆ ಅನ್ನಲ್ಲ" ಎಂದಳು. "ಎರಡು ಟಕ್ ಬರ್ಬೇಕಲ್ವಾ ಅಪ್ಪ? ಒಂದೇ ಬರ್ತಿದೆ."

ಅಪ್ಪ ಅವಳನ್ನು ಒಂದು ಕ್ಷಣ ನೋಡಿದರು. ನನ್ನ ಇಪ್ಪತ್ತಾರು ವರ್ಷದಲ್ಲಿ ನನ್ನನ್ನು ಅವರು ಹಾಗೆ ನೋಡಿದ ನೆನಪಿಲ್ಲ. ಕೇಬಲ್ ಸಡಿಲವಾದಾಗ ಡ್ರಮ್ಮಿನೊಳಗಿನ ಸಣ್ಣ ಸನ್ನೆಕೋಲು ತನ್ನ ಜಾಗಕ್ಕೆ ಬಂದು ಬಡಿಯಬೇಕು, ಅದೇ ಆ ಟಕ್. ಎಡಗಡೆಯದು ವಾಪಸೇ ಬರುತ್ತಿಲ್ಲ. "ಕೇಬಲ್ ಎಳ್ಕೊಂಡೇ ಐತೆ" ಎಂದು ಅಪ್ಪ ಕಾರಿನೊಳಗೆ ಬಾಗಿ, ಹ್ಯಾಂಡ್ ಬ್ರೇಕಿನ ಬುಡದ ರಬ್ಬರ್ ಟೋಪಿಯನ್ನು ಮೇಲಕ್ಕೆ ಸರಿಸಿದರು. ಕೇಬಲ್ ಬಿಗಿ ಮಾಡುವ ನಟ್ಟು ಅಲ್ಲಿದೆ. ಸುತ್ತಲೂ ಹದಿನೈದು ವರ್ಷದ ಧೂಳು. ನಟ್ಟು ಮಾತ್ರ ಹೊಸದರಂತೆ ಹೊಳೆಯುತ್ತಿತ್ತು, ತಿರುಪಿನ ಎಳೆಯ ಮೇಲೆ ಬಹಳ ಏರಿತ್ತು.

"ಇದನ್ನ ಯಾರ್ ಮುಟ್ಟಿದ್ದು?"

"ಒಂದ್ಸಲ ಮೆಕ್ಯಾನಿಕ್ ತಿರುಗ್ಸಿದ್ರಲ್ಲ ಅಪ್ಪ" ಎಂದೆ.

ಅದು ಸುಳ್ಳಲ್ಲ. ಎರಡು ವರ್ಷದ ಹಿಂದೆ ಆಯಿಲ್ ಬದಲಿಸಲು ಹೋದಾಗ ಎಂಟು ಕಟಕ್ ಆಗುತ್ತಿದೆ ಎಂದು ನಾನು ಹೇಳಿದ್ದೆ. ಅವರು ಅವಸರದಲ್ಲಿ ಹತ್ತರ ಸ್ಪ್ಯಾನರ್ ಹಾಕಿ ಅರ್ಧ ಸುತ್ತು ತಿರುಗಿಸಿದ್ದರು. ಎಂಟು ಏಳಾಯಿತು. ಅರ್ಧ ನಿಮಿಷದ ಕೆಲಸ. ನಾನು ನೋಡಿಕೊಂಡೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಹತ್ತರ ಸ್ಪ್ಯಾನರ್ ತೆಗೆದುಕೊಂಡೆ. ಅದಾದ ಮೇಲೆ ಕಾಲಂನಲ್ಲಿ ಎಂಟು ಬಂದಾಗಲೆಲ್ಲ, ಅಪ್ಪ ಸಹಿ ಹಾಕುವ ಭಾನುವಾರದ ಹಿಂದಿನ ದಿನ, ರಬ್ಬರ್ ಟೋಪಿ ಎತ್ತಿ ಅರ್ಧ ಸುತ್ತು. ಆ ತಿಂಗಳ ಎಂಟುಗಳನ್ನು ಬಿಳಿ ಶಾಯಿ ಹಚ್ಚಿ ಏಳು ಮಾಡುತ್ತಿದ್ದೆ. ತಿರುಗಿಸಿದ್ದನ್ನೂ ಬರೆಯದೆ ಇರಲು ಆಗಲಿಲ್ಲ, ಆದ್ದರಿಂದ ಪುಸ್ತಕದ ಕೊನೆಯ ಹಾಳೆಯಲ್ಲಿ ದಿನಾಂಕ ಹಾಕಿ ಒಂದೊಂದು ಚುಕ್ಕೆ ಇಡುತ್ತಿದ್ದೆ.

ಸೋಮವಾರ ಮೆಕ್ಯಾನಿಕ್ ನಟ್ಟನ್ನು ನೋಡಿ ತಲೆ ಅಲ್ಲಾಡಿಸಿದರು. "ನಾನು ಅರ್ಧ ಸುತ್ತು ಕೊಟ್ಟಿರ್ಬೋದು. ಇಷ್ಟು ಏರೈತೆ ಅಂದ್ರೆ ಕೇಬಲ್ ಹಿಗ್ಗೈತೆ ಅಂತ ಯಾರೋ ಆಮೇಲೆ ಎಳ್ದವ್ರೆ. ಹಿಗ್ಗಿದ ಕೇಬಲ್ ಸಡಿಲ ಬಿಟ್ರೆ ಹ್ಯಾಂಡ್ ಬ್ರೇಕ್ ಹಿಡಿಯಲ್ಲ. ಬಿಗಿ ಇಟ್ರೆ ಚಕ್ರ ಬಿಡಲ್ಲ. ಹೊಸದೇ ಹಾಕ್ಬೇಕು ಅಣ್ಣ." ಹಳೆಯ ಗಾಡಿಯ ಕೇಬಲ್ ಅಂಗಡಿಯಲ್ಲಿ ಇರಲಿಲ್ಲ. ತರಿಸಿದರೆ ಸೋಮವಾರ, ಇಪ್ಪತ್ತನಾಲ್ಕು. ನಮ್ಮ ದಿನ ಗುರುವಾರ, ಇಪ್ಪತ್ತು.

ಮನೆಗೆ ಬಂದು ಅಪ್ಪ ಕಾರಿನ ಕಾಗದಗಳ ಫೈಲನ್ನು ಬೀರುವಿನೊಳಗೆ ಇಟ್ಟುಬಿಟ್ಟರು. "ಗುಜರಿಯವ್ನಿಗೆ ಫೋನ್ ಮಾಡ್ಬೇಕು" ಎಂದರು, ಯಾರಿಗೂ ಅಲ್ಲ ಎನ್ನುವ ಹಾಗೆ. ತಂಗಿ ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತಳು, ಕಿವಿಯಲ್ಲಿ ಏನೂ ಸಿಕ್ಕಿಸಿಕೊಳ್ಳದೆ.

ಕೇಬಲ್ ಹಿಗ್ಗಿಲ್ಲ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ಶೂಗಳು ಸವೆಯುತ್ತಿದ್ದವು, ನಾನು ಕೇಬಲ್ ಎಳೆದು ಅದನ್ನು ಮುಚ್ಚುತ್ತಿದ್ದೆ, ಅಷ್ಟೇ. ಹೇಳಿದರೆ ಕಾರು ಉಳಿಯಬಹುದು. ಹೇಳಿದರೆ ಎರಡು ವರ್ಷದ ಸಹಿಗಳು ಹೋಗುತ್ತವೆ, ಅದೂ ಅವಳ ಒಂದು ಟಕ್ ಪಕ್ಕದಲ್ಲಿ. ಕಾರು ಹೋದರೂ ಪರವಾಗಿಲ್ಲ ಎಂದು ಸೋಮವಾರ ಸಂಜೆ ಏಳರಿಂದ ಎಂಟೂ ಹತ್ತರವರೆಗೆ ನಾನು ಮನಸ್ಸಿನಲ್ಲೇ ವಾದಿಸಿದ್ದೇನೆ. ಆ ಹೊತ್ತನ್ನೂ ಬರೆದಿಟ್ಟಿದ್ದೇನೆ.

ಮಂಗಳವಾರ, ಹದಿನೆಂಟು, ಬೆಳಿಗ್ಗೆ ಆರೂಕಾಲು. ಅಪ್ಪ ಜಗುಲಿಯಲ್ಲಿ ಪೇಪರ್ ಓದುತ್ತಿದ್ದರು. ಪುಸ್ತಕದ ಕೊನೆಯ ಹಾಳೆ ತೆರೆದು ಮುಂದಿಟ್ಟೆ.

"ನಟ್ ತಿರುಗ್ಸಿದ್ದು ನಾನು" ಎಂದೆ.

"ಆಂ?"

"ನಟ್ಟು. ನಾನೇ ತಿರುಗ್ಸಿದ್ದು."

"ಏನು ನೆಟ್ಟಗೆ?"

ಅಪ್ಪನ ಕಿವಿಯ ವಿಷಯ ಮರೆತು ನಾನು ಗುಟ್ಟಿನ ದನಿಯಲ್ಲಿ ಹೇಳುತ್ತಿದ್ದೆ. ಮೂರನೆಯ ಸಲ ಕೂಗಿಯೇ ಹೇಳಬೇಕಾಯಿತು. "ಹ್ಯಾಂಡ್ ಬ್ರೇಕ್ ನಟ್ ತಿರುಗ್ಸಿದ್ದು ನಾನೇ ಅಪ್ಪ. ಹನ್ನೊಂದು ಸಲ." ಎದುರುಮನೆಯವರು ರಂಗೋಲಿ ಬಿಡುವುದನ್ನು ನಿಲ್ಲಿಸಿ ನೋಡಿದರು. ಅಮ್ಮ ಅಡುಗೆಮನೆಯಿಂದ ಹೊರಬಂದು "ಏನಂತೆ ಬೆಳಗ್ಬೆಳಗ್ಗೇನೇ?" ಎಂದರು. ಮಹಡಿಯ ಕಂಬಿಯ ಹತ್ತಿರ ಹಲ್ಲುಜ್ಜುವ ಸದ್ದು ನಿಂತಿತು.

ಅಪ್ಪ ಕನ್ನಡಕ ಹಾಕಿಕೊಂಡು ಉಗುರಿನಿಂದ ಚುಕ್ಕೆಗಳನ್ನು ಎಣಿಸಿದರು. "ಒಂದೊಂದಕ್ಕೆ ಎಷ್ಟು?"

"ಅರ್ಧ ಸುತ್ತು."

"ಐದೂವರೆ." ನನ್ನ ಕಡೆ ತಿರುಗಿ, "ಯಾಕೆ?" ಎಂದರು.

"ಏಳೇ ಇರ್ಲಿ ಅಂತ."

"ಗಾಡಿಗಾ?"

"ನಿಂಗೆ ತೋರ್ಸಕ್ಕೆ."

ಅವರು ಪುಟ ಹಿಂದಕ್ಕೆ ತಿರುವಿ ಬಿಳಿ ಶಾಯಿಯ ಕಲೆಗಳನ್ನು ಬೆರಳಲ್ಲಿ ಸವರಿದರು. ಬೈಯುತ್ತಾರೆ ಎಂದುಕೊಂಡೆ. "ನೀನು ತಿದ್ದಿದ್ದು ಗೇಜನ್ನ. ಮಾಲನ್ನಲ್ಲ" ಎಂದರು. ಕಾರ್ಖಾನೆಯಲ್ಲಿ ಕೈಕೆಳಗಿನವರಿಗೆ ಹೇಳುವ ದನಿ ಅದು. ಆಮೇಲೆ ಎದ್ದು, ಬೀರುವಿನಿಂದ ಫೈಲ್ ತೆಗೆದು ಮೇಜಿನ ಮೇಲೆ ಇಟ್ಟರು.

ಬುಧವಾರ ಗ್ಯಾರೇಜಿನಲ್ಲಿ ಅಪ್ಪ ಮೆಕ್ಯಾನಿಕ್ಕಿಗೆ ಪುಸ್ತಕವನ್ನೇ ತೋರಿಸಿದರು. "ಐದೂವರೆ ಸುತ್ತು. ಜೊತೆಗೆ ನಿಂದು ಅರ್ಧ. ಬರ್ದಿಟ್ಟವ್ಳೆ ನೋಡು."

"ಕಳ್ತನ ಮಾಡಿ ರಸೀದಿ ಇಟ್ಕೊಂಡಂಗಾಯ್ತಲ್ಲ ಮೇಡಂ" ಎಂದು ಅವರು ನಕ್ಕರು. ನಟ್ಟನ್ನು ಎಣಿಸಿ ಆರು ಸುತ್ತು ಬಿಚ್ಚಿದರು. ಎಡ ಚಕ್ರ ಆ ಕ್ಷಣವೇ ಹಗುರವಾಗಿ ತಿರುಗಿತು. ಒಳಗೆ ಎಡಗಡೆಯ ಸ್ಪ್ರಿಂಗ್ ವಯಸ್ಸಿಗೆ ಸೊರಗಿತ್ತು, ಬಿಗಿಯಾದ ಕೇಬಲ್ಲಿಗೆ ಮೊದಲು ಸೋತದ್ದು ಅದೇ. ಎರಡೂ ಕಡೆ ಹೊಸ ಶೂ, ಹೊಸ ಸ್ಪ್ರಿಂಗ್. ಮೊದಲು ಡ್ರಮ್ಮಿನೊಳಗೆ ಶೂಗಳ ಅಂತರ ಸರಿಮಾಡಿದರು, ಆಮೇಲೆ ಹತ್ತಾರು ಸಲ ಪೆಡಲ್ ಒತ್ತಿಸಿದರು, ಕಟ್ಟಕಡೆಗೆ ಕೇಬಲ್. "ಈ ಕ್ರಮ ನೆನಪಿಟ್ಕೊಳಿ ಮೇಡಂ. ಒಳಗಿಂದು ಮೊದ್ಲು, ನಟ್ಟು ಕೊನೇಗೆ. ಅವತ್ತು ನಾನೇ ನಿಮಗೆ ತಿರುವುಮುರುವು ತೋರ್ಸಿಬಿಟ್ಟೆ." ಕೇಬಲ್ ಹಿಗ್ಗಿರಲಿಲ್ಲ. ಹ್ಯಾಂಡ್ ಬ್ರೇಕ್ ಎಂಟು ಕಟಕ್‌ಗೆ ಗಟ್ಟಿಯಾಗಿ ನಿಂತಿತು; ಹೊಸ ಶೂ ಕೂರುವವರೆಗೆ ಒಂದೆರಡು ಹೆಚ್ಚೇ ಇರುತ್ತದೆ ಎಂದರು. ಎಡ ಚಕ್ರ ಮೂರು ಸುತ್ತು, ಬಲ ಚಕ್ರ ಮೂರೂಕಾಲು. ಮನೆಯಲ್ಲಿ ತಂಗಿ ಮತ್ತೆ ಚಾಪೆಯ ಮೇಲೆ ಮಲಗಿ ಎರಡು ಟಕ್ ಎಂದಳು.

ಗುರುವಾರ ಮೈದಾನದಲ್ಲಿ ಕಾರು ಓಡಿಸಿದ್ದು ನಾನು. ಇನ್ಸ್‌ಪೆಕ್ಟರ್ ಪಕ್ಕದ ಸೀಟಿನಲ್ಲಿ ಕೂತರು. ಸ್ವಲ್ಪ ವೇಗ ಹಿಡಿಸಿ "ಒತ್ತಿ" ಎಂದರು. ಒತ್ತಿದೆ. ಕಾರು ಎಡಕ್ಕೂ ಎಳೆಯದೆ, ಬಲಕ್ಕೂ ಎಳೆಯದೆ, ಇದ್ದ ಗೆರೆಯಲ್ಲೇ ನಿಂತಿತು. ಏರಿನ ಮೇಲೆ ನಿಲ್ಲಿಸಿ ನ್ಯೂಟ್ರಲ್‌ಗೆ ಹಾಕಿಸಿ, ಹ್ಯಾಂಡ್ ಬ್ರೇಕ್ ಮೇಲೆ ಬಿಡಿಸಿದರು. ಎಂಟು ಎಣಿಸಿದೆ. ಕಾರು ಅಲ್ಲಾಡಲಿಲ್ಲ. "ಹಳೇ ಗಾಡಿ, ಚೆನ್ನಾಗಿ ಇಟ್ಕೊಂಡಿದೀರಿ" ಎಂದರು. ಬೆಳಿಗ್ಗೆ ಹನ್ನೊಂದು ನಲವತ್ತು.

ಆ ಮಾತನ್ನು ಅಪ್ಪನಿಗೆ ಹೇಳಬೇಕೆಂದು ಕನ್ನಡಿಯಲ್ಲಿ ನೋಡಿದೆ. ಬೇಲಿಯ ಆಚೆ ಅಪ್ಪ ನಿಂತಿದ್ದರು, ತಲೆಯನ್ನು ತಂಗಿಯ ಕಡೆ ಬಾಗಿಸಿಕೊಂಡು. ಅವಳು ಅವರ ಕಿವಿಗೆ ಏನೋ ಹೇಳುತ್ತಿದ್ದಳು. ಬ್ರೇಕ್ ಹೇಗೆ ಕೇಳಿಸಿತು ಎಂದು. ಓಡಿಸಿದ್ದು ನಾನು, ನಿಲ್ಲಿಸಿದ್ದು ನಾನು, ಅಪ್ಪನಿಗೆ ಅದು ತಲುಪಿದ್ದು ಅವಳ ಬಾಯಿಂದ. ಪಾಸಾದ ಸಂತೋಷ ನನಗೆ ಎಷ್ಟು ಹೊತ್ತು ಇತ್ತೆಂದು ಎಣಿಸಿದರೆ ಒಂದು ನಿಮಿಷವೂ ಆಗುವುದಿಲ್ಲ.

ವಾಪಸು ಬರುವಾಗ ಅಪ್ಪ ಹಿಂದೆ ನಿದ್ದೆ ಹೋದರು. ತಂಗಿ ಪಕ್ಕದಲ್ಲಿದ್ದಳು. "ಅಕ್ಕ, ಆ ಸ್ಪ್ಯಾನರ್ ಸದ್ದು ನಂಗೆ ಗೊತ್ತಿತ್ತು ಕಣೇ" ಎಂದಳು. "ಶನಿವಾರ ಶನಿವಾರ ಮೇಲೆ ಕೇಳ್ತಿತ್ತು. ಏನೋ ಮಾಡ್ಕೊಳ್ತಿದ್ದಾಳೆ ಅಂತ ಸುಮ್ನಿದ್ದೆ. ಆ ಭಾನುವಾರ ಅಪ್ಪ ನಟ್ ತೋರ್ಸಿದಾಗ್ಲೇ ಅದು ಏನಂತ ತಿಳೀತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ. ಮಂಗಳವಾರ ಸಂಜೆವರ್ಗೂ ಕಾಯೋಣ ಅಂತಿದ್ದೆ."

ಅವಳು ಅಷ್ಟು ಒಳ್ಳೆಯವಳಾಗಿರದಿದ್ದರೆ ನನಗೆ ಸುಲಭವಾಗುತ್ತಿತ್ತು. ನನ್ನ ಗುಟ್ಟನ್ನೂ ನನಗಿಂತ ಚೆನ್ನಾಗಿ ಅವಳೇ ಕಾಪಾಡಿದ್ದಳು. ನಾನು ಗೇರ್ ಬದಲಿಸಿದೆ.

ಮಾರ್ಚ್ ಎರಡು, ಮೊದಲ ಭಾನುವಾರ. ಪುಸ್ತಕ ತರಲು ಅಪ್ಪ ಹೇಳುತ್ತಾರೋ ಇಲ್ಲವೋ ಎಂದು ಹತ್ತು ಗಂಟೆಯವರೆಗೆ ಕಾದೆ. ಹೇಳಿದರು. ಎಂಟು, ಎಂಟು, ಒಂಬತ್ತು, ಎಂಟು ಎಂದಿದ್ದ ಕಾಲಂ ನೋಡಿ, "ಎಷ್ಟೈತೋ ಅಷ್ಟು ಬರಿ. ಗೆರೆ ಬೇಡ" ಎಂದು ಅದೇ ಮೂರು ಗೀಟಿನ ಸಹಿ ಹಾಕಿದರು. ಕಾರು ನನ್ನ ಹೆಸರಿಗೆ ಆಗಲು ಅರ್ಜಿ ಹಾಕಿದ್ದೇವೆ. ಒಳರಟ್ಟಿನ ಮೇಲಿನ ಕರೆದ ಲೆಕ್ಕವನ್ನು ಅಳಿಸಿಲ್ಲ, ಮುಂದುವರಿಸಿಯೂ ಇಲ್ಲ. ಎರಡು ಸಲ ಮಾತ್ರ ಕೈ ತಪ್ಪಿ ಹಾಕಿದ್ದೇನೆ.

ಒಂದು ವಿಷಯ ಉಳಿದಿದೆ. ಈಗಲೂ ಕೆಲವು ಬೆಳಿಗ್ಗೆ ಕಾರನ್ನು ಗೇಟಿನಿಂದ ಹಿಂದಕ್ಕೆ ಇಳಿಸುವಾಗ, ಮೊದಲ ಬ್ರೇಕಿಗೆ ಮಾತ್ರ, ಎಡಗಡೆ ಹಿಂದೆ ಒಂದೇ ಒಂದು ಕುಯ್ ಬರುತ್ತದೆ. ಎರಡನೇ ಬ್ರೇಕಿಗೆ ಇಲ್ಲ. ಮುಂದಕ್ಕೆ ಹೋಗುವಾಗ ಇಲ್ಲ. ಮಾರ್ಚ್ ತಿಂಗಳ ಮೂವತ್ತೊಂದು ಬೆಳಿಗ್ಗೆಗಳಲ್ಲಿ ಹತ್ತೊಂಬತ್ತು ಸಲ ಬಂದಿದೆ. ಇಬ್ಬನಿಗೂ ಅದಕ್ಕೂ ಸಂಬಂಧವಿದೆಯೇ ಎಂದು ನೋಡಿದೆ: ಇಬ್ಬನಿ ಇದ್ದ ಹದಿಮೂರು ದಿನಗಳಲ್ಲಿ ಹನ್ನೊಂದು ಸಲ, ಇಲ್ಲದ ಹದಿನೆಂಟು ದಿನಗಳಲ್ಲಿ ಎಂಟು ಸಲ. ಡ್ರಮ್ ಬಿಸಿಯಾಗುತ್ತಿಲ್ಲ, ನೀರು ಚಿಮುಕಿಸಿ ನೋಡಿದ್ದೇನೆ. ಚಕ್ರ ಮೂರು ಸುತ್ತು ತಿರುಗುತ್ತದೆ. ಒಳಗೆ ತೆಳುವಾಗಿ ಹಿಡಿದ ತುಕ್ಕೇ, ಹಿಂದಕ್ಕೆ ಹೋಗುವಾಗ ಶೂ ಜಾಗ ಬದಲಿಸುವುದೇ, ಅಥವಾ ಮತ್ತೇನಾದರೂ ಬಿಗಿಯಾಗುತ್ತಿದೆಯೇ, ನನಗೆ ತಿಳಿದಿಲ್ಲ. ಹಳೆಯ ಕಾರಿನ ಹಿಂದಿನ ಡ್ರಮ್ ಬಿಚ್ಚಿ ಬಲ್ಲವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನನಗೆ ಬರೆದು ತಿಳಿಸಿ. ಯಾವ ಕಾರಿನಲ್ಲಿ ನೋಡಿದಿರಿ, ಎಷ್ಟು ಸಲ ಬಂತು, ಏನು ಮಾಡಿದ ಮೇಲೆ ನಿಂತಿತು ಎಂಬುದನ್ನೂ ಬರೆದರೆ ಒಳ್ಳೆಯದು. ನನ್ನ ತಂಗಿಯನ್ನು ಕೇಳಿದರೆ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾಳೆ. ನಿಮ್ಮ ಉತ್ತರ ಬರುವವರೆಗೆ ನಾನು ಅವಳನ್ನು ಕೇಳುವುದಿಲ್ಲ.